ಕಪ್ಪೆ ಮುಟ್ಟಿದ ಹುಡುಗಿ

ಕಳೆದ ಶನಿವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಹದಿನಾಲ್ಕು ಮಕ್ಕಳು ಮತ್ತು ಮೂವರು ದೊಡ್ಡವರ ಮುಂದೆ ಒಬ್ಬ ಹೆಂಗಸು ಒಂದು ಪ್ರಶ್ನೆ ಕೇಳಿದರು. ಬಹಳ ಸುಲಭದ ಪ್ರಶ್ನೆ. ಉತ್ತರ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಉತ್ತರ ತಡವಾದಷ್ಟೂ ಒಂದು ಜೀವ ಸಾವಿಗೆ ಹತ್ತಿರವಾಗುತ್ತಿತ್ತು.

ನಾನು ಸುಮ್ಮನೆ ನಿಂತಿದ್ದೆ.

ಈ ಅಂಕಣದಲ್ಲಿ ನಾನು ವಾರವಾರವೂ ಯಾರನ್ನಾದರೂ ತರಾಟೆಗೆ ತೆಗೆದುಕೊಳ್ಳುವುದು ನಿಮಗೆ ಗೊತ್ತೇ ಇದೆ. ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆಯುವವರು, ಲಿಫ್ಟಿನೊಳಗೆ ಸ್ಪೀಕರ್ ಹಾಕಿಕೊಂಡು ಮಾತಾಡುವವರು, ಕೆರೆಗೆ ಕಸ ಸುರಿಯುವವರು, ಎಲ್ಲರೂ ಬಂದು ಹೋಗಿದ್ದಾರೆ. ಈ ವಾರದ ಸರದಿ ನನ್ನದು. ಓದುವಾಗ ದಯವಿಟ್ಟು ಕನಿಕರ ತೋರಿಸಬೇಡಿ, ನಾನು ಬೇರೆಯವರಿಗೆ ತೋರಿಸಿದ್ದು ಕಡಿಮೆ.

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಏನುಂಟು ಏನಿಲ್ಲ? ಸ್ಕೇಟಿಂಗ್ ಇದೆ, ರೋಬೋಟಿಕ್ಸ್ ಇದೆ, ಚೆಸ್ ಕೋಚ್ ಇದ್ದಾರೆ. ಆದರೆ ಹೋದ ತಿಂಗಳು ನನ್ನ ಮಗಳು ನಿಧಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟವಳು ಕಿರುಚಿಕೊಂಡು ಓಡಿ ಬಂದಳು. "ಅಮ್ಮಾ, ಕೆಳಗೆ ಏನೋ ಒದ್ದೆ ಇದೆ." ಇಬ್ಬನಿ ಕಣ್ರೀ. ಎಂಟು ವರ್ಷದ ಮಗುವಿಗೆ ಇಬ್ಬನಿ ಅಂದರೆ ಏನೋ ಒದ್ದೆ.

ಅವತ್ತೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಉದ್ದನೆಯ ಮೆಸೇಜ್ ಬರೆದೆ. ಮಕ್ಕಳು ಪ್ರಕೃತಿಯನ್ನು ಸ್ಕ್ರೀನಿನ ಮೇಲೆ ನೋಡಿದ್ದು ಸಾಕು, ಕೈಯಿಂದ ಮುಟ್ಟಿ ನೋಡಲಿ ಅಂದೆ. ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ವರ್ತೂರು ದಾಟಿ ಸ್ವಲ್ಪ ದೂರ ಹೋದರೆ ಒಂದು ವನ್ಯಜೀವಿ ಮಾಹಿತಿ ಕೇಂದ್ರವಿದೆ. (ಹೆಸರು ಬೇಡ, ತಪ್ಪು ಅವರದ್ದಲ್ಲ.) ಅಲ್ಲಿ ಮಕ್ಕಳಿಗೆ ಮುಟ್ಟಿ ಕಲಿಯುವ ಕಾರ್ಯಕ್ರಮ ಇರುತ್ತದೆ ಅಂತ ಯಾರೋ ಹೇಳಿದ್ದರು. ಫೋನ್ ಮಾಡಿದೆ, ಟೆಂಪೋ ಟ್ರಾವೆಲರ್ ಬುಕ್ ಮಾಡಿದೆ, ನಾಯಕಿಯಾದೆ.

ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ಸಿರಿಯ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಸಿರಿ ನಿಧಿಯ ಕ್ಲಾಸ್‌ಮೇಟ್, ನಮ್ಮ ಮೇಲಿನ ಮಹಡಿಯ ಹುಡುಗಿ. "ಅವಳಿಗೆ ಎಲ್ಲಕ್ಕೂ ಭಯ ಮೇಡಂ. ನಾಯಿ, ಇರುವೆ, ಬಲೂನು. ಸ್ವಲ್ಪ ನೋಡ್ಕೊಳ್ಳಿ, ಫೋರ್ಸ್ ಮಾಡ್ಬೇಡಿ." ನಾನು ನಕ್ಕು, "ನನ್ನ ಜವಾಬ್ದಾರಿ" ಅಂದೆ. ಹಾಗೇ ಅಂದೆ, ಇದೇ ಪದಗಳಲ್ಲಿ.

ಕೇಂದ್ರದ ಬಾಗಿಲಲ್ಲಿ ನಿಯಮಗಳ ದೊಡ್ಡ ಫಲಕ. ನಾನು ಅದರ ಫೋಟೋ ತೆಗೆದೆ, ಗ್ರೂಪಿಗೆ ಹಾಕಿದೆ. ಓದಲಿಲ್ಲ.

ನಮ್ಮ ಗೈಡ್ ರತ್ನಮ್ಮ. ಐವತ್ತು ದಾಟಿದ ಹೆಂಗಸು, ಸೀರೆಯ ಮೇಲೆ ಖಾಕಿ ಕೋಟು. ಅಲ್ಲೇ ಸಮೀಪದ ಹಳ್ಳಿಯವರು. ಅವರ ಮನೆಯವರ ಗದ್ದೆ ಇದ್ದ ಕಡೆ ಈಗ ಟೆಕ್ ಪಾರ್ಕಿನ ಪಾರ್ಕಿಂಗ್ ಇದೆಯಂತೆ. ಇದನ್ನು ಅವರು ಬೇಜಾರಿಲ್ಲದೆ, ಬಸ್ ನಂಬರ್ ಹೇಳಿದ ಹಾಗೆ ಹೇಳಿದರು. ಮಕ್ಕಳ ಜೊತೆ ಅವರು ಇಂಗ್ಲಿಷಿನ ಹಂಗಿಲ್ಲದೆ ಮಾತಾಡುತ್ತಿದ್ದರು, ಮಕ್ಕಳು ಒಂದು ಮಾತೂ ಬಿಡದೆ ಕೇಳುತ್ತಿದ್ದವು.

ಮೇಜಿನ ಮೇಲೆ ಹಾವಿನ ಪೊರೆ, ಗೀಜಗನ ಗೂಡು, ಮುಳ್ಳುಹಂದಿಯ ಮುಳ್ಳು, ಒಣಗಿದ ಆನೆ ಲದ್ದಿ. ಮಕ್ಕಳು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ನೂಕಾಡಿಕೊಂಡು ಮುಟ್ಟಿದರು. ಸಿರಿ ಮಾತ್ರ ನನ್ನ ದುಪಟ್ಟಾದ ತುದಿ ಹಿಡಿದು ಹಿಂದೆಯೇ ನಿಂತಿದ್ದಳು. ಗೀಜಗನ ಗೂಡನ್ನೂ ಮುಟ್ಟಲಿಲ್ಲ.

ಕೊನೆಗೆ ಕಪ್ಪೆ ಬಂತು.

ಒಂದು ನೀರುಗಪ್ಪೆ. ಕಂದು ಮೈ, ಬೆನ್ನ ಮೇಲೆ ಹಸಿರಿನ ಒಂದು ಪಟ್ಟೆ, ಬೊಗಸೆಯೊಳಗೆ ಹಿಡಿಸುವಷ್ಟು ಗಾತ್ರ. ಹಿತ್ತಲಿನ ಕೊಳದಿಂದ ಬೆಳಗ್ಗೆ ಹಿಡಿದು ತಂದು, ಮಧ್ಯಾಹ್ನಕ್ಕೆ ಅಲ್ಲೇ ಬಿಟ್ಟುಬಿಡುತ್ತಾರೆ. ರತ್ನಮ್ಮ ಅದನ್ನು ಒದ್ದೆ ಅಂಗೈಯಲ್ಲಿ ಕೂರಿಸಿಕೊಂಡು ಮಕ್ಕಳ ಮಧ್ಯೆ ಕುಕ್ಕರಗಾಲಲ್ಲಿ ಕೂತರು.

"ನೋಡ್ರಪ್ಪ, ಕಪ್ಪೆ ಬಾಯಲ್ಲಿ ನೀರು ಕುಡಿಯಾಕಿಲ್ಲ. ಚರ್ಮದಾಗೇ ಕುಡೀತದೆ, ಚರ್ಮದಾಗೇ ಉಸ್ರಾಡ್ತದೆ. ನಿಮ್ ಕೈಯಾಗೆ ಏನೈತೋ ಅದೆಲ್ಲ ಅದ್ರ ಮೈಯೊಳಕ್ಕೆ ಓಯ್ತದೆ. ಅದ್ಕೇ ಮೊದ್ಲು ಈ ಬಕೀಟ್ನಾಗೆ ಕೈ ಅದ್ದಿ. ಕೊಳದ ನೀರೇ ಇದು. ತನ್ ಮನೆ ಅಂತ ಅದಕ್ಕೆ ಗೊತ್ತಾಗ್ಲಿ."

ಬಕೆಟ್ಟಿನ ನೀರು ಸ್ವಲ್ಪ ಹಸಿರು. ಒಂದೆರಡು ಎಲೆ ತೇಲುತ್ತಿದ್ದವು. ಮಕ್ಕಳು ಸಾಲಾಗಿ ಕೈ ಅದ್ದಿ, ಬೊಗಸೆ ಒಡ್ಡಿ, ಹತ್ತು ಎಣಿಸುವವರೆಗೆ ಕಪ್ಪೆಯನ್ನು ಹಿಡಿದು ವಾಪಸ್ ಕೊಟ್ಟರು. ನಿಧಿಯ ಕೈಯಿಂದ ಅದು ನೆಗೆಯಲು ನೋಡಿತು, ರತ್ನಮ್ಮ ಗಬಕ್ಕನೆ ಹಿಡಿದರು, ಎಲ್ಲರೂ ನಕ್ಕರು. ನಾನು ಫೋಟೋ ತೆಗೆಯುತ್ತಿದ್ದೆ. ಗ್ರೂಪಿನಲ್ಲಿ ಹೆಬ್ಬೆರಳು ಬೀಳುತ್ತಲೇ ಇತ್ತು.

ಸಿರಿ ಕೊನೆಗೆ ಉಳಿದಳು. ರತ್ನಮ್ಮ ಬಾ ಅಂತಲೂ ಕರೆಯಲಿಲ್ಲ. ಅವಳ ಕಡೆ ನೋಡದೆ, ಕಪ್ಪೆಯ ಜೊತೆ ಮಾತಾಡುವವರ ಹಾಗೆ ಹೇಳತೊಡಗಿದರು. "ನಾವು ಸಣ್ಣೋರಿದ್ದಾಗ ಮಳೆ ಬರ್ದೇ ಓದ್ರೆ ಒಂದು ಮಣೆ ಮ್ಯಾಲೆ ಕಪ್ಪೆ ಕೂರುಸ್ಕಂಡು ಮನೆಮನೆಗೂ ಓಯ್ತಿದ್ವಿ. ಎಲ್ಲಾರೂ ಅದ್ರ ಮ್ಯಾಲೆ ಒಂದು ಚೊಂಬು ನೀರು ಉಯ್ಯೋರು. ಮಣೆ ಹೊರೋಕೆ ಯಾರ್ನ ಕರೀತಿದ್ರು ಗೊತ್ತಾ? ಊರಲ್ಲಿ ಯಾವ ಮಗ ಭಾರಿ ಮೆತ್ತಗೆ ನಡೀತದೋ ಅದನ್ನ. ಜೋರಾಗಿ ನಡೆಯೋ ಮಕ್ಳು ಕಪ್ಪೆಗೆ ಆಗಾಕಿಲ್ಲ."

ನನ್ನ ದುಪಟ್ಟಾ ಸಡಿಲವಾಯಿತು. ಸಿರಿ ಎರಡು ಹೆಜ್ಜೆ ಮುಂದೆ ಹೋದಳು. ಬಕೆಟ್ಟಿನಲ್ಲಿ ಕೈ ಅದ್ದಿದಳು, ಹಸಿರು ನೀರು ನೋಡಿ ಮುಖ ಕಿವುಚಿದಳು, ಸೀದಾ ನನ್ನ ಹತ್ತಿರ ವಾಪಸ್ ಬಂದು ಎರಡೂ ಕೈ ಚಾಚಿದಳು. "ಆಂಟಿ, ಗಲೀಜು."

ಅಮ್ಮಂದಿರು ಆಗ ಏನು ಮಾಡುತ್ತಾರೆ? ಟಿಶ್ಯೂ ತೆಗೆದು ಒರೆಸಿದೆ. ಬ್ಯಾಗಿನ ಪಕ್ಕದ ಜೇಬಿನಿಂದ ಸ್ಯಾನಿಟೈಸರ್ ತೆಗೆದು ಎರಡು ಸಲ ಒತ್ತಿದೆ. ಅವಳು ಕೈ ಉಜ್ಜಿಕೊಂಡಳು. ಯೋಚಿಸಿ ಮಾಡಿದ್ದಲ್ಲ. ಕನ್ನಡಿಯಲ್ಲಿ ಮುಖ ಕಂಡರೆ ಕೈ ತಾನಾಗಿ ಕೂದಲಿಗೆ ಹೋಗುತ್ತದಲ್ಲ, ಹಾಗೆ. ಉಳಿದವರೆಲ್ಲ ಕಪ್ಪೆಯನ್ನು ನೋಡುತ್ತಿದ್ದರು. ಯಾರ ಗಮನಕ್ಕೂ ಬರಲಿಲ್ಲ.

ಸಿರಿ ಹೋಗಿ ಬೊಗಸೆ ಒಡ್ಡಿದಳು. ರತ್ನಮ್ಮ ಕಪ್ಪೆಯನ್ನು ಇಟ್ಟರು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಆಮೇಲೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು.

"ಇದರ ಗಂಟಲು ಡಬ್ ಡಬ್ ಅಂತಿದೆ" ಅಂದಳು. ಅವಳ ಮುಖ ನೋಡಿ ನನಗೆ ಅಳುವೇ ಬಂತು. ಮಕ್ಕಳೆಲ್ಲ ಹತ್ತು ಎಣಿಸಿದರು. ಸಿರಿ ಕೊಡಲಿಲ್ಲ. "ಇನ್ನೊಂದ್ಸಲ ಎಣಿಸಿ, ಪ್ಲೀಸ್." ಮತ್ತೆ ಎಣಿಸಿದರು. ನಿಧಿಯ ಕೈಯಿಂದ ನೆಗೆಯಲು ನೋಡಿದ ಕಪ್ಪೆ ಸಿರಿಯ ಕೈಯಲ್ಲಿ ಅಲುಗಾಡದೆ ಕೂತಿತ್ತು. "ಕಪ್ಪೆಗೆ ಸಿರೀನೇ ಇಷ್ಟ" ಅಂತ ನಿಧಿ ಅಂದಳು. ನಾನು ವಿಡಿಯೋ ಮಾಡಿದೆ.

ರತ್ನಮ್ಮ ಮಾತ್ರ ನಗಲಿಲ್ಲ. ಅವರು ಬಗ್ಗಿ ನೋಡಿದರು. ಕಪ್ಪೆಯ ಹಿಂಗಾಲು ಎರಡೂ ಸಡಿಲವಾಗಿ ಸಿರಿಯ ಮಣಿಕಟ್ಟಿನ ಕಡೆ ಜೋತುಬಿದ್ದಿದ್ದವು. ತಕ್ಷಣ ಅದನ್ನು ಎತ್ತಿಕೊಂಡು ಮಗುಚಿ ಹಾಕಿದರು. ಚೆನ್ನಾಗಿರುವ ಕಪ್ಪೆ ಹೊಟ್ಟೆ ಮೇಲಾಗಿ ಮಲಗುವುದಿಲ್ಲವಂತೆ. ಇದು ಮಲಗಿತ್ತು. ಗಂಟಲು ಆಗೊಮ್ಮೆ ಈಗೊಮ್ಮೆ ಮಿಡಿಯುತ್ತಿತ್ತು, ಅಷ್ಟೇ.

ಆಗ ಅವರು ತಲೆಯೆತ್ತಿ ಆ ಪ್ರಶ್ನೆ ಕೇಳಿದರು. "ಯಾರಾರಾ ಕೈಗೆ ಏನಾರಾ ಹಚ್ಕಂಡಿದ್ರಾ? ಕ್ರೀಮು, ಎಣ್ಣೆ, ಸೊಳ್ಳೆದು, ಏನಾರಾ?"

ಮಕ್ಕಳು ಇಲ್ಲವೆಂದು ತಲೆಯಾಡಿಸಿದರು. ಸಿರಿಯೂ ಆಡಿಸಿದಳು. "ಇಲ್ಲ, ನನ್ನ ಕೈ ಕ್ಲೀನ್ ಇದೆ." ಅವಳು ಸುಳ್ಳು ಹೇಳಲಿಲ್ಲ, ಗೊತ್ತಾ? ನಾವು ಸಾಕಿದ ಮಕ್ಕಳಿಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುವ ವಸ್ತುವೇ ಅಲ್ಲ. ಕೈಗೆ ಏನೋ ಅಂಟಿದ್ದರೆ ಗಲೀಜು, ಬಾಟಲಿ ಒತ್ತಿದರೆ ಕ್ಲೀನ್. ಅಷ್ಟೇ ಅವರಿಗೆ ಕಲಿಸಿರುವುದು, ಕಲಿಸಿದವರು ನಾವು.

ನನ್ನ ಕೈ ಬ್ಯಾಗಿನ ಪಕ್ಕದ ಜೇಬಿನ ಮೇಲೆ ಇತ್ತು. ಚರ್ಮದಾಗೇ ಕುಡೀತದೆ ಅಂತ ಅವರು ಹೇಳಿದ್ದು ಕಿವಿಯಲ್ಲೇ ಇತ್ತು. ನನಗೆ ಗೊತ್ತಾಯಿತು. ಅನುಮಾನ ಅಲ್ಲ, ಗೊತ್ತಾಯಿತು.

ಯಾಕೆ ಬಾಯಿ ಬಿಡಲಿಲ್ಲ? ಒಂದು ವಾರದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಪಕ್ಕದಲ್ಲಿ ಇನ್ನಿಬ್ಬರು ಪೋಷಕರು ಇದ್ದರು. ನಾಯಕಿ ನಾನು, ಉದ್ದನೆಯ ಮೆಸೇಜ್ ಬರೆದವಳು ನಾನು, ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಇನ್ನೊಂದು ಕ್ಷಣ ಕಾದರೆ ಕಪ್ಪೆ ತಾನಾಗಿ ಎದ್ದು ಕೂತೀತು ಅನ್ನುವ ಆಸೆ. ಆ ಕ್ಷಣ ಕಳೆದ ಮೇಲೆ, ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ ಅನ್ನುವ ಹೆದರಿಕೆ. ಅದು ಹಾಗೇ ಬೆಳೆಯುತ್ತಾ ಹೋಗುತ್ತದೆ. ಮೀಟಿಂಗಿನಲ್ಲಿ ತಪ್ಪು ಲೆಕ್ಕ ತೋರಿಸಿ ಸುಮ್ಮನೆ ಕೂತವರಿಗೆ ಇದು ಅರ್ಥವಾಗುತ್ತದೆ.

"ಹಂಗಾದ್ರೆ ಅದುಮಿರ್ಬೇಕು" ಅಂದರು ರತ್ನಮ್ಮ, ತಮ್ಮಷ್ಟಕ್ಕೆ ತಾವೇ. ಕಪ್ಪೆಗೆ ಒಳಗೆ ಪೆಟ್ಟಾಗಿದ್ದರೆ ಅಲುಗಾಡಿಸಬಾರದಂತೆ. ಒದ್ದೆ ಪಾಚಿ ಹಾಸಿದ ಡಬ್ಬದಲ್ಲಿ ಮಲಗಿಸಿ, ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿದರು.

ಅದುಮಿರ್ಬೇಕು ಅನ್ನುವ ಮಾತು ಮಕ್ಕಳ ಕಿವಿಗೆ ಬಿದ್ದೇ ಬಿತ್ತು.

"ಸಿರಿ, ನೀನು ಜೋರಾಗಿ ಒತ್ದೆ." "ಎರಡು ಸಲ ಕೌಂಟ್ ಮಾಡ್ಸಿದ್ಳು." "ನಾವೆಲ್ಲ ಹಿಡ್ಕೊಂಡಾಗ ಏನೂ ಆಗಿರ್ಲಿಲ್ಲ." ಒಬ್ಬರಾದ ಮೇಲೆ ಒಬ್ಬರು. ಮಕ್ಕಳು ಕೆಟ್ಟವರಲ್ಲ, ಅವರಿಗೂ ಭಯವಾಗಿತ್ತು, ಭಯಕ್ಕೆ ಒಂದು ಹೆಸರು ಬೇಕಿತ್ತು. "ಬುಡ್ರಪ್ಪ, ಮಗ ಬೇಕಂತ ಮಾಡಿಲ್ಲ" ಅಂದರು ರತ್ನಮ್ಮ. ಬೇಕಂತ ಮಾಡಿಲ್ಲ ಅಂದರೆ ಮಾಡಿದ್ದಾಳೆ ಅಂತಲೇ ಆಯಿತಲ್ಲ?

"ನಾನು ಒತ್ತಿಲ್ಲ" ಅಂದಳು ಸಿರಿ. ಒಂದೇ ಸಲ. ಅಳಲಿಲ್ಲ.

ಎಲ್ಲರೂ ಡಬ್ಬದ ಸುತ್ತ ನಿಂತಿದ್ದೆವು. ರತ್ನಮ್ಮ ಆಗಾಗ ಬಟ್ಟೆಯ ತುದಿ ಎತ್ತಿ ನೋಡಿ ಮುಚ್ಚುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎದ್ದುಬಿಡಲಿ ದೇವರೇ, ಎದ್ದುಬಿಡಲಿ ಅಂದುಕೊಳ್ಳುತ್ತಿದ್ದೆ. ಕಪ್ಪೆಗಾಗಿ ಬೇಡಿಕೊಂಡೆನೋ ನನಗಾಗಿಯೋ, ಈಗಲೂ ಗೊತ್ತಿಲ್ಲ.

ಆಗ ಸಿರಿಯ ಕಡೆ ಕಣ್ಣು ಹೋಯಿತು. ಅವಳು ಎಲ್ಲರಿಂದ ದೂರ ಗೋಡೆಯ ಪಕ್ಕ ನಿಂತಿದ್ದಳು. ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ಮುಂದಕ್ಕೆ ಚಾಚಿದ್ದಳು, ಬೆರಳುಗಳನ್ನು ಅಗಲಿಸಿಕೊಂಡು. ತನ್ನ ಕೈ ತನಗೇ ತಾಗಬಾರದು ಅನ್ನುವಂತೆ.

ಅದನ್ನು ನೋಡಿದ ಮೇಲೆ ನಿಲ್ಲಲಾಗಲಿಲ್ಲ. ಹೋಗಿ ರತ್ನಮ್ಮನ ಪಕ್ಕ ಕೂತು, ಕಿವಿಯ ಹತ್ತಿರ ಹೇಳಿದೆ. "ನಾನು ಅವಳ ಕೈಗೆ ಸ್ಯಾನಿಟೈಸರ್ ಹಾಕಿದ್ದೆ."

ಅವರು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಡಬ್ಬ ಎತ್ತಿಕೊಂಡು ಹಿತ್ತಲಿಗೆ ಓಡಿದರು, ಆ ವಯಸ್ಸಿನಲ್ಲಿ, ಸೀರೆ ಎತ್ತಿ ಹಿಡಿದು. ಬೋಗುಣಿಗೆ ಕೊಳದ ನೀರು ತುಂಬಿ ಕಪ್ಪೆಯನ್ನು ಅದ್ದಿದರು, ಆ ನೀರು ಚೆಲ್ಲಿದರು, ಹೊಸ ನೀರು ತುಂಬಿದರು, ಮತ್ತೆ ಅದ್ದಿದರು. ಬೆನ್ನು, ಹೊಟ್ಟೆ, ಕಾಲಿನ ಸಂದು, ಒಂದೇ ಬೆರಳಿನಿಂದ ತೊಳೆದರು. ಸ್ಯಾನಿಟೈಸರಿನಂಥ ಸ್ಪಿರಿಟ್ಟಾದರೆ ತಕ್ಷಣ ತೊಳೆಯಬೇಕಂತೆ. ತಕ್ಷಣ ತೊಳೆದರೆ ಎಷ್ಟೋ ಸಲ ಉಳಿಯುತ್ತವಂತೆ.

"ಒಂದ್ ಮಾತು ನಾನು ಕೇಳ್ದಾಗ್ಲೇ ಏಳ್ಬಾರ್ದಿತ್ತಾ ಮೇಡಂ?" ಅಂದರು, ತೊಳೆಯುತ್ತಲೇ.

ಎಷ್ಟು ಹೊತ್ತು ಸುಮ್ಮನಿದ್ದೆ ಅಂತ ಆಮೇಲೆ ನೋಡಿದೆ. ನನ್ನ ವಿಡಿಯೋದ ಸಮಯ ಫೋನಿನಲ್ಲಿತ್ತು. ರತ್ನಮ್ಮ ಹಿತ್ತಲಿನಲ್ಲಿ ತೊಳೆಯಲು ಶುರುಮಾಡಿದ್ದನ್ನು ಇನ್ನೊಬ್ಬ ಪೋಷಕರು ಫೋಟೋ ತೆಗೆದಿದ್ದರು. ನಡುವೆ ಒಂಬತ್ತು ನಿಮಿಷ. ಸ್ಯಾನಿಟೈಸರ್ ಹಾಕಿದ್ದು ಗೊತ್ತಿಲ್ಲದೆ. ಅದಕ್ಕೆ ಕ್ಷಮೆ ಕೇಳಬಹುದು, ಸಿಗಲೂಬಹುದು. ಒಂಬತ್ತು ನಿಮಿಷ ನಾನು ಗೊತ್ತಿದ್ದೂ ಮಾಡಿದ್ದು.

ಹೊರಡುವಾಗ ಕಪ್ಪೆ ಬೋಗುಣಿಯ ತಳದಲ್ಲಿ ಕಲ್ಲಿನ ಮೇಲೆ ಮಲಗಿತ್ತು. ಗಂಟಲು ಇನ್ನೂ ಮಿಡಿಯುತ್ತಿತ್ತು. "ಸಂಜೆ ಗಂಟ ನೋಡ್ತೀನಿ, ಫೋನ್ ಮಾಡ್ತೀನಿ" ಅಂದರು ರತ್ನಮ್ಮ.

ನಾನು ಸತ್ಯ ಹೇಳಿಬಿಟ್ಟೆ ಅಂತ ನೀವು ನಿಟ್ಟುಸಿರು ಬಿಟ್ಟಿದ್ದರೆ, ಸ್ವಲ್ಪ ತಾಳಿ. ನಾನು ಹೇಳಿದ್ದು ಒಬ್ಬರ ಕಿವಿಯಲ್ಲಿ.

ಟೆಂಪೋ ಟ್ರಾವೆಲರಿನಲ್ಲಿ ಸಿರಿಯ ಪಕ್ಕ ಯಾರೂ ಕೂರಲಿಲ್ಲ. ವರ್ತೂರಿನ ಟ್ರಾಫಿಕ್ಕಿನಲ್ಲಿ ಗಾಡಿ ಇಂಚಿಂಚೇ ಸಾಗುವಾಗ ಹಿಂದಿನ ಸೀಟಿನಿಂದ ಒಂದು ಧ್ವನಿ, "ಫ್ರಾಗ್ ಕಿಲ್ಲರ್." ಎರಡು ಮೂರು ಮಕ್ಕಳು ಕಿಸಕ್ಕೆಂದವು. ನಿಧಿ ತಿರುಗಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಮ್ಮ ಅಂತ ಕಾದಳು ಅನಿಸುತ್ತದೆ. ನಾನು ಎದ್ದು ನಿಂತೆ. "ಯಾರೂ ಹಾಗೆಲ್ಲ ಅನ್ನಬಾರದು" ಅಂದೆ. ಆಮೇಲೆ ಚಿಪ್ಸ್ ಹಂಚಿದೆ.

ಹೌದು, ಚಿಪ್ಸ್. ಸಿರಿ ಬೇಡ ಅಂದಳು. ಕೈ ಇನ್ನೂ ತೊಡೆಯಿಂದ ಮೇಲೆತ್ತಿಯೇ ಇಟ್ಟುಕೊಂಡಿದ್ದಳು.

ಸಂಜೆ ಆರಕ್ಕೆ ಫೋನ್ ಬಂತು. "ಓಯ್ತು ಮೇಡಂ" ಅಂದರು ರತ್ನಮ್ಮ. ನಾನು ಏನೇನೋ ಹೇಳತೊಡಗಿದೆ, ಕ್ಷಮಿಸಿ ಅಂದೆ, ನಾಳೆ ಬಂದು ನಿಮ್ಮ ಆಫೀಸಿನವರಿಗೆ ಬರೆದುಕೊಡುತ್ತೇನೆ ಅಂದೆ. ಅವರು ಕೇಳಿಸಿಕೊಂಡರು. "ಅದು ಆಮ್ಯಾಕೆ ಆಗ್ಲಿ. ಆ ಮಗೀಗೆ ಮೊದ್ಲು ಏಳಿ. ಅಷ್ಟೊಂದು ಹೆದ್ರೋ ಮಗ ಕೈ ಒಡ್ಡಿತು. ಇನ್ನೊಂದ್ಸಲ ಒಡ್ಡಾಕಿಲ್ಲ ಅಂದ್ರೆ ಅದು ಕಪ್ಪೆ ಸತ್ತಿದ್ದಕ್ಕಿಂತ ದೊಡ್ಡ ಪಾಪ."

ಮೇಲಿನ ಮಹಡಿಗೆ ಲಿಫ್ಟ್ ಬೇಡ ಅಂತ ಮೆಟ್ಟಿಲು ಹತ್ತಿದೆ. ಬೇಗ ತಲುಪಬಾರದು ಅನ್ನುವುದೇ ಕಾರಣ.

ಸಿರಿಯ ಅಮ್ಮ ಬಾಗಿಲು ತೆಗೆದು ಹೊರಗೇ ಬಂದರು, ಬಾಗಿಲು ಹಿಂದೆ ಎಳೆದುಕೊಂಡರು. "ಏನಾಯ್ತು ಮೇಡಂ ಅಲ್ಲಿ? ಬಂದಾಗಿಂದ ಬಾತ್‌ರೂಮಲ್ಲಿ ಕೈ ತೊಳೀತಾನೇ ಇದ್ದಾಳೆ. ದೋಸೆ ತಿನ್ನೋಕೆ ಸ್ಪೂನ್ ಕೇಳಿದ್ಳು. ಪುಟ್ಟ ತಮ್ಮನ್ನ ಮುಟ್ಟೋಕೆ ಹೋಗ್ತಿಲ್ಲ."

ಎಲ್ಲವನ್ನೂ ಹೇಳಿದೆ. ಬಾಟಲಿ, ಒಂಬತ್ತು ನಿಮಿಷ, ಟೆಂಪೋ, ಚಿಪ್ಸ್. ಅವರ ಮುಖ ಕೆಂಪಾಗಿದ್ದು ಕಂಡಿತು. ಬೈಯಲಿ ಅಂತ ಕಾದೆ, ಬೈದರೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ನನ್ನ ಕೈ ಹಿಡಿದುಕೊಂಡರು. "ಆಗಿದ್ದಾಯ್ತು. ಈಗ ಒಂದೇ ಒಂದು ಮಾಡಿ. ಕಪ್ಪೆ ಬದುಕ್ತು ಅಂತ ಹೇಳ್ಬಿಡಿ. ಎದ್ದು ಕೊಳಕ್ಕೆ ಹಾರಿ ಹೋಯ್ತು ಅಂತ. ನೀವು ಹೇಳಿದ್ರೆ ನಂಬ್ತಾಳೆ, ಮಲಗ್ತಾಳೆ."

ಎಷ್ಟು ಸುಲಭ ನೋಡಿ. ಮಗುವಿಗೂ ನಿದ್ದೆ, ತಾಯಿಗೂ ನಿದ್ದೆ, ನನಗೂ ನಿದ್ದೆ. ಯಾರಿಗೆ ನಷ್ಟ? ಒಳಗೆ ಕಾಲಿಡುವವರೆಗೂ ನಾನು ಹಾಗೇ ಹೇಳಬೇಕು ಅಂದುಕೊಂಡಿದ್ದೆ. ಸುಳ್ಳು ಹೇಳುತ್ತಿದ್ದೇನೆ ಅನ್ನುವ ಸಂಕಟವೂ ಇರಲಿಲ್ಲ, ಉಪಕಾರ ಮಾಡುತ್ತಿದ್ದೇನೆ ಅನ್ನುವ ನೆಮ್ಮದಿ ಇತ್ತು.

ಸಿರಿ ಸೋಫಾದ ತುದಿಯಲ್ಲಿ ಕೂತಿದ್ದಳು. ಕೈಗಳು ತೊಳೆದು ತೊಳೆದು ಬಿಳಿಚಿಕೊಂಡಿದ್ದವು. ನನ್ನನ್ನು ನೋಡಿದ್ದೇ ಎದ್ದು ನಿಂತಳು. "ಬದುಕ್ತಾ ಆಂಟಿ?"

ಬದುಕಿತು ಅಂದರೆ, ಬದುಕಿದ್ದು ಅವಳು ಅದುಮಿದ ಕಪ್ಪೆಯೇ ಆಗುತ್ತಿತ್ತು. ಸೋಮವಾರ ಸ್ಕೂಲಿನಲ್ಲೂ, ಇನ್ನು ಹತ್ತು ವರ್ಷವಾದ ಮೇಲೂ, ಅವಳ ಕೈಯಲ್ಲಿ ತಪ್ಪಿತ್ತು ಅಂತಲೇ ಉಳಿಯುತ್ತಿತ್ತು. ಅದು ಹೊಳೆದದ್ದು ಅವಳ ಮುಂದೆ ನಿಂತ ಮೇಲೆ.

"ಇಲ್ಲ ಕಂದ, ಸತ್ತುಹೋಯ್ತು" ಅಂದೆ. ಹಿಂದೆ ಅವಳ ಅಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. "ನೀನು ಒತ್ತಲಿಲ್ಲ. ನಿನ್ನಿಂದ ಏನೂ ಆಗಿಲ್ಲ. ನಾನು ನಿನ್ನ ಕೈಗೆ ಸ್ಯಾನಿಟೈಸರ್ ಹಾಕಿದ್ನಲ್ಲ, ಅದು ಕಪ್ಪೆಗೆ ವಿಷ. ನಂಗೆ ಗೊತ್ತಿರ್ಲಿಲ್ಲ. ಸತ್ತಿದ್ದು ನನ್ನಿಂದ."

ಸಿರಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ತಿರುಗಿಸಿ ಹಿಂಭಾಗವನ್ನೂ ನೋಡಿದಳು. ಆಮೇಲೆ ಸುಮ್ಮನೆ ಕೈ ಕೆಳಗೆ ಬಿಟ್ಟಳು, ಅವು ಅವಳ ಫ್ರಾಕಿಗೆ ತಾಗಿದವು.

"ರತ್ನಮ್ಮ ಆಂಟಿ ಕೇಳಿದ್ರಲ್ಲ, ಆವಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬಸ್ಸಲ್ಲಿ ಎಲ್ರೂ ನಂಗೆ ಅಂದ್ರಲ್ಲ, ಆವಾಗ?"

"ಆವಾಗಲೂ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಗ್ರೂಪಿನಲ್ಲಿ ಬರೆಯುವಾಗ ನನಗೆ ಎಷ್ಟೊಂದು ಪದ ಸಿಗುತ್ತವೆ. ಅವತ್ತು ಸಿಕ್ಕಿದ್ದು ಒಂದೇ. "ಭಯ ಆಯ್ತು ಕಂದ."

ಸಿರಿ ನನ್ನನ್ನೇ ನೋಡಿದಳು. ಕೋಪ ಇರಲಿಲ್ಲ, ಅರ್ಥವಾಗದಿದ್ದುದನ್ನು ಕೇಳುವ ಮುಖ.

"ನಂಗೂ ಭಯ ಆಗಿತ್ತು ಆಂಟಿ. ಆದ್ರೂ ನಾನು ಮುಟ್ಟಿದೆ ಅಲ್ವಾ?"